ಬಿಡಿಸದೆ ಉಳಿದ ಹಾಸು

ಮೊನ್ನೆ ಬೆಳಿಗ್ಗೆ ಸೊಸೆ ಹೊಸ ಮೊರಕ್ಕೆ ಬಳಿಯಲೆಂದು ಹುಣಸೆಬೀಜದ ಹಿಟ್ಟನ್ನು ಒಲೆಯ ಮೇಲೆ ಕುದಿಸುತ್ತಿದ್ದಳು. ನೆನೆಸಿದ ಮೆಂತ್ಯ, ಹಳೆಯ ಕಾಗದ ಎರಡನ್ನೂ ರುಬ್ಬಿ ಈ ಗಂಜಿಗೆ ಬೆರೆಸಿ ಮೆತ್ತಿದರೆ ಬಿದಿರಿನ ಸಂದುಗಳು ಮುಚ್ಚಿಕೊಳ್ಳುತ್ತವೆ, ಹಿಟ್ಟು ಸೋರುವುದಿಲ್ಲ. ಅವಳು ವರ್ಷವರ್ಷವೂ ಮಾಡುವ ಕೆಲಸವೇ. ಆದರೆ ಇಷ್ಟು ದಿನ ನಾನು ಹೊರಗಿನ ಕೋಣೆಯಲ್ಲಿದ್ದೆ. ಕಾಲು ಸೋತ ಮೇಲೆ ಅಡಿಗೆಮನೆಯ ಪಕ್ಕದ ಪಡಸಾಲೆಗೆ ನನ್ನ ಮಂಚ ಬಂದಿದೆ. ಆ ಹಬೆ ನೇರ ಮುಖಕ್ಕೆ ಬಂತು. ಸ್ವಲ್ಪ ಒಗರು, ಸ್ವಲ್ಪ ಹುರಿದ ಸಿಪ್ಪೆಯ ಕಮಟು, ಅದರ ಜೊತೆಗೆ ಒದ್ದೆ ಉಣ್ಣೆ... ಇಲ್ಲ, ಉಣ್ಣೆ ಅಲ್ಲೆಲ್ಲೂ ಇರಲಿಲ್ಲ. ಅದನ್ನು ನಾನೇ ಸೇರಿಸಿಕೊಂಡಿದ್ದೆ.

"ಯಾಕ್ ಮಾವ, ಕಣ್ಣಿಗೆ ಹೊಗೆ ಹೋತಾ?" ಎಂದಳು. ಹೌದೆಂದೆ. ಇಂಥ ಸಣ್ಣ ಸುಳ್ಳುಗಳು ನನಗೆ ಸಲೀಸು. ದೊಡ್ಡದೊಂದನ್ನು ನಲವತ್ತು ವರ್ಷಕ್ಕೂ ಮೇಲೆ ಹೊತ್ತುಕೊಂಡು ಬಂದಿದ್ದೇನೆ. ಅದನ್ನು ಇಳಿಸಿ ಹೋಗೋಣವೆಂದು ಬರೆಯಲು ಕೂತಿದ್ದೇನೆ.

ನಮ್ಮದು ಮಾಡದಕೆರೆಗೆ ಸಮೀಪದ ಒಂದು ಹಳ್ಳಿ. ನಮ್ಮ ಮನೆಯ ಎದುರಿಗೆ ಕಂಬಳಿ ನೇಯುವ ಒಬ್ಬ ಅಜ್ಜನಿದ್ದ. ನಡುಮನೆಯಲ್ಲಿ ಕುಣಿ ತೋಡಿ ಮಗ್ಗ ಹೂಡಿದ್ದ. ಕಾಲು ಇಳಿಬಿಟ್ಟು ಕೂತರೆ ಸೊಂಟದಿಂದ ಕೆಳಗೆ ನೆಲದೊಳಗೆ, ಮೇಲೆ ಮಾತ್ರ ಮನುಷ್ಯ. ಅಜ್ಜಿ ಜಗಲಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಆ ಮನೆಯಿಂದ ಕೇಳಿದ್ದು ಎರಡೇ ಸದ್ದು, ಮಗ್ಗದ ಬಡಿತ ಮತ್ತು ಊಟಕ್ಕೆ ಕರೆಯುವ ಅಜ್ಜಿಯ ಕೂಗು. ಆ ಕೂಗು ಯಾವಾಗಲೂ ಮೂರು ಸಲ.

"ಮೊದ್ಲನೇದು ಗ್ವಾಡಿಗೆ, ಎಲ್ಡನೇದು ಮಗ್ಗಕ್ಕೆ, ಮೂರನೇದು ಈ ಮಾರಾಯಗೆ," ಎನ್ನುತ್ತಿದ್ದಳು ಅಜ್ಜಿ, ನಮ್ಮವ್ವನಿಗೆ ಕೇಳುವಂತೆ. ಮೂರನೆಯ ಕೂಗಿಗೆ ಅಜ್ಜ ತಲೆ ಎತ್ತುತ್ತಿದ್ದ. ಆಗ ಅವನ ಮುಖ ನೋಡಬೇಕಿತ್ತು. ದೂರದ ಊರಿನಿಂದ ಈಗ ತಾನೇ ಬಂದವನಂತೆ, ಅಲ್ಲಿ ಅವನಿಗೆ ಯಾರೋ ಹೊಟ್ಟೆತುಂಬ ಉಣಬಡಿಸಿ ಕಳಿಸಿದಂತೆ. ಆ ಮುಖವನ್ನು ನಾನು ಬೇರೆ ಯಾರಲ್ಲೂ ಕಾಣಲಿಲ್ಲ. ದುರ್ಗದ ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಓದಿದೆ, ಅಲ್ಲಿನ ಮೇಷ್ಟರುಗಳಲ್ಲೂ ಕಾಣಲಿಲ್ಲ. ಓದಿ ಬಂದು ಕಂದಾಯದ ಶೇಕದಾರರ ಕಚೇರಿಯಲ್ಲಿ ಗುಮಾಸ್ತನಾದೆ. ಕನ್ನಡಿಯಲ್ಲೂ ಕಾಣಲಿಲ್ಲ.

ನೇಯುವುದಕ್ಕೆ ಮೊದಲು ಹಾಸಿನ ನೂಲಿಗೆ ಗಂಜಿ ಹಾಕುವ ಕೆಲಸವೊಂದಿದೆ. ಹಾಸು ಎಂದರೆ ಕಂಬಳಿಯ ಉದ್ದದ ಎಳೆಗಳು. ಅವನ್ನೆಲ್ಲ ಬೀದಿಯ ಉದ್ದಕ್ಕೆ ಗೂಟದಿಂದ ಗೂಟಕ್ಕೆ ಬಿಗಿದು, ಹುಣಸೆಬೀಜದ ಗಂಜಿ ಬಳಿದು, ದೊಡ್ಡ ಕುಂಚದಿಂದ ತೀಡುತ್ತಲೇ ಇರಬೇಕು. ಒಣಗುವ ತನಕ ಕೈ ನಿಲ್ಲಿಸುವಂತಿಲ್ಲ. ನಡುವೆ ನಿಂತರೆ ಎಳೆಗೆ ಎಳೆ ಕಚ್ಚಿಕೊಂಡು ಹಾಸೆಲ್ಲ ಹಲಗೆಯಾಗುತ್ತದೆ. ಅದಕ್ಕೇ ನಮ್ಮೂರಲ್ಲಿ ಒಂದು ರೂಢಿ ಇತ್ತು. ಹಾಸು ಹಾಕಿದ ದಿನ ಆ ಬೀದಿಯಲ್ಲಿ ಯಾರೂ ತಿರುಗಾಡುತ್ತಿರಲಿಲ್ಲ. ಗಾಡಿ, ದನ, ಮದುವೆಯ ದಿಬ್ಬಣ, ಕಡೆಗೆ ಹೆಣವನ್ನೂ ಕೆಳಗಿನ ಬೀದಿಯಿಂದಲೇ ಒಯ್ಯುತ್ತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ. ಬೀದಿಯ ತಲೆಯಲ್ಲಿ ಗೂಟ ಕಂಡರೆ ಎತ್ತುಗಳೇ ತಿರುಗಿಕೊಳ್ಳುತ್ತಿದ್ದವು. "ಯಮ ಬಂದ್ರೂ ಅಷ್ಟೇ, ಕೆಳಗಿನ ಬೀದಿಯಾಗೆ ಹೋಗ್ಲಿ," ಎಂದು ಅಜ್ಜ ಕುಂಚ ಆಡಿಸುತ್ತ ನಗುತ್ತಿದ್ದ.

ಯಮ ಬಂದ. ಯಾವ ಬೀದಿಯನ್ನೂ ಬಿಡಲಿಲ್ಲ. ಅದು ಪ್ಲೇಗು ನಮ್ಮ ಕಡೆಗೆ ಎರಡನೆಯ ಸಲ ಬಂದ ವರ್ಷ. ಮನೆಗಳನ್ನು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅಜ್ಜಿಗೆ ಗುಡಿಸಲಲ್ಲೇ ಜ್ವರ ಹತ್ತಿ ಗಡ್ಡೆ ಎದ್ದಿತು. ಯಾರೂ ಹತ್ತಿರ ಸುಳಿಯಲಿಲ್ಲ. ಅಜ್ಜನೊಬ್ಬನೇ ಮೂರು ದಿನ ಅವಳ ತಲೆಯ ಬಳಿ ಕೂತಿದ್ದ, ಬಾಯಿಗೆ ನೀರು ಬಿಟ್ಟ, ಕಡೆಗೆ ತಾನೇ ಹೊತ್ತುಕೊಂಡು ಹೋದ.

ಅದೇ ವಾರ ಹಿರೇಗುಂಟನೂರಿನಿಂದ ನನಗೊಂದು ಕಾಗದ ಬಂತು. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಮದುವೆಯಾಗಿ ಎರಡು ವರ್ಷ. ಜ್ವರ ಬಂದಿದೆ, ಕೂಡಲೇ ಹೊರಟು ಬಾ, ನಿನ್ನನ್ನೇ ಕೇಳುತ್ತಿದ್ದಾಳೆ ಎಂದು ಅವಳ ಅಣ್ಣ ಬರೆದಿದ್ದ. ಕಚೇರಿಯಲ್ಲಿ ರಜ ಸಿಗಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ. ನಾನು ರಜ ಕೇಳಲೇ ಇಲ್ಲ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಲೇಖಣಿ ಕೆರೆಯುತ್ತ ಕೂತಿದ್ದೆ. ಸಾಯುವ ಭಯ. ಅಷ್ಟೇ, ಇನ್ನೇನೂ ಅಲ್ಲ. ಮೂರನೆಯ ದಿನ ಹೊರಟೆ. ಹೋಗಿ ನೋಡಿದಾಗ ಅವಳ ಗುಣಿಯ ಮೇಲಿನ ಮಣ್ಣು ಒಣಗಿತ್ತು.

ಊರವರು ಮನೆಗಳಿಗೆ ಮರಳಿದ ಮೇಲೆ ಅಜ್ಜ ಮಗ್ಗಕ್ಕೆ ಕೂರಲಿಲ್ಲ. ಕುಣಿಯ ಮೇಲೊಂದು ಚಾಪೆ ಎಳೆದು ಜಗಲಿಯಲ್ಲಿ ಕೂತುಬಿಟ್ಟ. ಎದುರಿನ ಜಗಲಿಯಲ್ಲಿ ನಾನು. ಕಚೇರಿಯಿಂದ ಬಂದವನು ಕತ್ತಲಾಗುವವರೆಗೆ ಅಲ್ಲೇ ಕೂರುತ್ತಿದ್ದೆ. ಬೀದಿಯ ಆಚೆಗೊಬ್ಬ ಈಚೆಗೊಬ್ಬ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಇದ್ದೆವು. ನಾಚಿಕೆಯ ಮಾತು, ಆದರೂ ಬರೆಯುತ್ತೇನೆ. ಆ ಮುದುಕ ಹಾಗೆ ಕೆಟ್ಟು ಕೂತಿದ್ದದ್ದು ನನಗೆ ಒಂದು ಆಸರೆಯಾಗಿತ್ತು.

ವರ್ಷ ತುಂಬಿದ ಮೇಲೆ ಒಂದು ದಿನ ಅಜ್ಜ ಅಟ್ಟದಿಂದ ಒಂದು ಪುಟ್ಟಿ ಇಳಿಸಿದ. ಅದರ ತುಂಬ ನೂಲಿನ ಉಂಡೆಗಳು. ಅಜ್ಜಿ ಕೊನೆಯ ವರ್ಷ ನೂತದ್ದು. ಅವನ್ನು ಒಂದೊಂದಾಗಿ ಬಿಚ್ಚಿ, ಎಳೆಗಳನ್ನು ಸಾಲಾಗಿ ಜೋಡಿಸಿ ಹಾಸು ಹೊಯ್ಯತೊಡಗಿದ. ಎರಡು ದಿನ ಕಳೆದ ಮೇಲೆ ನನ್ನನ್ನು ಕರೆದ.

"ಲೇ ಗುಮಾಸ್ತಪ್ಪ, ಬಾ ಇಲ್ಲಿ, ನೋಡು. ಈ ಎಳೆ ದಪ್ಪ ಐತಲ್ಲ, ಅವತ್ತು ಅವಳಿಗೆ ನನ್ನ ಮ್ಯಾಲೆ ಸಿಟ್ಟು. ಸಿಟ್ಟು ಬಂದ್ರೆ ಕೈ ಬಿಗಿ. ಇದು ನೋಡು, ಎಷ್ಟು ನುಣ್ಣಗೈತೆ, ಮಗಳು ಹಿರಿಯೂರಿನಿಂದ ಬಂದಿದ್ಲು."

"ಇದನ್ನ ಮಾರ್ತೀಯ ಅಜ್ಜ?"

"ಮಾರಾಕೆ ಬರ್ತದೇನಲೇ? ಹೊದ್ಕಂಡು ಮಲಗ್ತೀನಿ. ಜಗಳ ಆಡ್ಕಂತ ಮಲಗ್ತೀನಿ."

ನಕ್ಕ. ಕೈ ಮತ್ತೆ ಎಳೆಗೆ ಹೋಯಿತು. ನಾನು ಅಲ್ಲಿ ನಿಂತಿರುವುದು ಅವನಿಗೆ ಮರೆತೇಹೋಯಿತು. ಕತ್ತು ಬಾಗಿಸಿ ಎಳೆಯನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತಿದ್ದ ಆ ಮುಖ, ಮೂರನೆಯ ಕೂಗಿಗೆ ಮೇಲೇಳುತ್ತಿದ್ದ ಅದೇ ಹಳೆಯ ಮುಖ... ನಾನು ನೋಡುತ್ತ ನಿಂತೆ. ಇವನು ನೊಗ ಕಳಚಿಕೊಂಡು ಹೋಗುತ್ತಿದ್ದಾನೆ, ನನ್ನನ್ನು ಒಬ್ಬನನ್ನೇ ಬಿಟ್ಟು. ಇವನಿಗೆ ಕೂರಲು ಒಂದು ಕುಣಿ ಇದೆ, ಬಿಡಿಸಲು ಒಂದು ಎಳೆ ಇದೆ. ಸತ್ತವಳ ಜೊತೆ ಮಾತನಾಡಲು ಮುಖ ಇದೆ. ನನಗೆ ಯಾವುದಿದೆ?

ಆ ಮಾತನ್ನು ಆಗ ಹೀಗೆ ಬಿಡಿಸಿ ಹೇಳಿಕೊಳ್ಳಲಿಲ್ಲ. ಮುದುಕನಿಗೆ ನಾಚಿಕೆಯಿಲ್ಲ, ಹೆಂಡತಿ ಸತ್ತು ವರ್ಷಕ್ಕೆ ಹೇಗೆ ನಗುತ್ತಾನೆ ನೋಡು ಎಂದಷ್ಟೇ ಅಂದುಕೊಂಡೆ.

ಅಜ್ಜ ಗಂಜಿ ಹಾಕಿದ ದಿನವೇ ತಾಲ್ಲೂಕಿನ ಅಮಲ್ದಾರರು ಹೊಸದುರ್ಗದಿಂದ ನಮ್ಮೂರಿಗೆ ಬರುವುದಿತ್ತು. ಚಾವಡಿಗೆ ಹೋಗುವ ದಾರಿ ಚೊಕ್ಕಟವಾಗಿರಲಿ ಎಂದು ಶೇಕದಾರರು ನನಗೆ ಹೇಳಿದ್ದರು. ಚಾವಡಿಗೆ ಎರಡು ದಾರಿ, ನಮ್ಮ ಬೀದಿಯೊಂದು, ಕೆಳಗಿನದೊಂದು. ಇಂಥದೇ ಬೀದಿ ಎಂದು ಅವರು ಹೇಳಿರಲಿಲ್ಲ. ತಳವಾರನನ್ನು ಕರೆದುಕೊಂಡು ನಾನು ನಮ್ಮ ಬೀದಿಗೆ ಬಂದೆ. ಬಿಸಿಲು ಏರುತ್ತಿತ್ತು. ಬೀದಿಯ ಉದ್ದಕ್ಕೆ ಕಪ್ಪು ಹಾಸು, ಹೊಸ ಗಂಜಿಯಿಂದ ಮಿರಮಿರ ಹೊಳೆಯುತ್ತಿತ್ತು. ಅಜ್ಜ ಬಗ್ಗಿ ಕುಂಚ ಎಳೆಯುತ್ತಿದ್ದ. ಆ ಕೆಲಸಕ್ಕೆ ಇಬ್ಬರು ಬೇಕು. ಎದುರಿನ ಕುಂಚ ಹಿಡಿಯುತ್ತಿದ್ದವಳು ಇರಲಿಲ್ಲ. ಒಬ್ಬನೇ ಈ ಬದಿಗೂ ಆ ಬದಿಗೂ ಸುತ್ತಿ ಬರುತ್ತಿದ್ದ.

"ಅಜ್ಜ, ಇದನ್ನ ತೆಗಿ. ಸಾಹೇಬರು ಬರ್ತಾರೆ."

ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದೆ. ಮೂರನೆಯ ಸಲಕ್ಕೆ ತಲೆ ಎತ್ತಿದ. "ಕೆಳಗಿನ ಬೀದಿಯಾಗೆ ಬರ್ತಾರೆ ಬಿಡಪ್ಪ," ಎಂದು ಮತ್ತೆ ಬಗ್ಗಿದ.

"ಸರ್ಕಾರದ ಹುಕುಂ ಐತೆ," ಎಂದೆ. ತಳವಾರನಿಗೆ ಗೂಟ ಕೀಳಲು ಹೇಳಿದೆ. ಅವನು ನನ್ನ ಮುಖ ನೋಡಿದ. "ಹಾಸು ಹಸಿ ಐತಲ್ರಿ," ಎಂದು ಗೊಣಗಿದ. ಇನ್ನೊಂದು ಸಲ ಹೇಳಿದೆ.

ಆಗ ಅಜ್ಜ ಕುಂಚ ಹಿಡಿದುಕೊಂಡೇ ಎದ್ದು ನಿಂತ. ನಾನು ತೊಟ್ಟಿಲಲ್ಲಿದ್ದಾಗಿನಿಂದ ನನ್ನನ್ನು ಕಂಡವನು, ಲೇ ಎಂದಲ್ಲದೆ ಬೇರೆ ರೀತಿ ಕರೆಯದವನು. "ಒಂದು ತಾಸು ತಡೀರಿ ಸ್ವಾಮಿ," ಎಂದ. "ಒಂದೇ ತಾಸು. ಒಣಗಿಬಿಡ್ತದೆ. ಆಮ್ಯಾಲೆ ನಾನೇ ತೆಗೀತೀನ್ರಿ."

ಆ 'ಸ್ವಾಮಿ' ಎಂಬ ಮಾತಿಗಾದರೂ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಳಗೆಲ್ಲೋ ಒಂದು ಹಿತ ಕೂಡ ಆಯಿತು. ಅವನ ಮುಖದಿಂದ ಆ ಸುಖ ಇಳಿದುಹೋಗಿತ್ತು. ನನ್ನದೇ ಮುಖ ಅಲ್ಲಿಗೆ ಬಂದಿತ್ತು.

ತಳವಾರ ಗೂಟ ಕಿತ್ತ. ಹಸಿ ಹಾಸು ಮಣ್ಣಿಗೆ ಬೀಳದಂತೆ ಅಜ್ಜ ತೋಳಿಗೆ ಸುತ್ತಿಕೊಂಡ, ಮಗುವನ್ನು ಎತ್ತಿಕೊಂಡವನಂತೆ ಒಳಗೆ ಹೋದ. ನಾನು ಖಾಲಿ ಬೀದಿಯನ್ನು ಕಾಯುತ್ತ ನಿಂತೆ. ಅಮಲ್ದಾರರ ಗಾಡಿ ಮಧ್ಯಾಹ್ನ ಕೆಳಗಿನ ಬೀದಿಯಿಂದ ಬಂತು. ಬೆಳಿಗ್ಗೆ ಹಾಸು ಕಂಡಿದ್ದವರು ಯಾರೋ ಊರ ಮುಂದೆ ಹೇಳಿದ್ದರಂತೆ, ಗಾಡಿ ಹೊಡೆಯುವವನೇ ತಿರುಗಿಸಿಕೊಂಡ.

ಸಂಜೆ ಅವ್ವ ಕೇಳಿದಳು. "ಅದು ಅಜ್ಜಿಯ ಕೈನೂಲಂತಲ್ಲೋ. ಎಂಥ ಕೆಲಸ ಮಾಡಿದ್ಯೋ."

"ನನಗೆ ಗೊತ್ತಿರ್ಲಿಲ್ಲ," ಎಂದೆ.

ಇದೇ ಆ ಸುಳ್ಳು. ಬೀದಿಯವರಿಗೂ ಅದನ್ನೇ ಹೇಳಿದೆ. ಪಾಪ, ಹುಡುಗನಿಗೇನು ಗೊತ್ತು, ಸರ್ಕಾರದ ಕೆಲಸ ಎಂದು ಜನ ನನ್ನನ್ನೇ ಸಮಾಧಾನಪಡಿಸಿದರು.

ಮರುದಿನ ಭಾನುವಾರ, ಕಚೇರಿ ಇರಲಿಲ್ಲ. ಬೆಳಿಗ್ಗೆ ಎದುರು ಜಗಲಿಯಿಂದ ಅಜ್ಜ ಕರೆದ. ಬೈಯುತ್ತಾನೆ ಎಂದು ಹೋದೆ. ಹಾಸು ಚಾಪೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಎಳೆಗಳೆಲ್ಲ ಕಚ್ಚಿಕೊಂಡು ಒಣಗಿದ ತೊಗಲಿನಂತಾಗಿತ್ತು. ಪಕ್ಕದಲ್ಲಿ ಎರಡು ಕುಡಿಕೆಗಳಲ್ಲಿ ಬೆಚ್ಚಗಿನ ನೀರು.

"ಕುಂತ್ಕ," ಎಂದ. "ನನಗೆ ಕಣ್ಣು ಮಂಜು. ನಿನ್ನ ಉಗುರು ಎಳೇವು ಅವೆ. ನೀನು ಆ ತುದಿಯಿಂದ ಬಾ, ನಾನು ಈ ತುದಿಯಿಂದ ಬರ್ತೀನಿ. ನಡುವೆ ಎಲ್ಲಾದ್ರೂ ಕೂಡಾಣ."

ಬೆರಳಿನಿಂದ ನೀರು ಮುಟ್ಟಿಸಬೇಕು. ಜಾಸ್ತಿಯಾದರೆ ಉಣ್ಣೆ ಗಂಟು ಕಟ್ಟುತ್ತದೆ, ಕಮ್ಮಿಯಾದರೆ ಎಳೆ ಹರಿಯುತ್ತದೆ. ಗಂಜಿ ಮೆತ್ತಗಾಗುವುದನ್ನು ಕಾದು, ಉಗುರಿನಿಂದ ಎರಡು ಎಳೆಗಳ ನಡುವೆ ದಾರಿ ಮಾಡಿ, ಊದಿ, ಮತ್ತೆ ಮುಂದಕ್ಕೆ. ಮೊದಮೊದಲು ನನಗೆ ಎಳೆ ಕಾಣಿಸಲೇ ಇಲ್ಲ. ನಾಲ್ಕಾರು ಹರಿದವು. ಅಜ್ಜ ಏನೂ ಅನ್ನದೆ ಹರಿದದ್ದನ್ನು ಹೊಸೆದು ಕೂಡಿಸಿಕೊಟ್ಟ. ಆಮೇಲೆ ಒಂದು ಎಳೆ ಬಂತು. ಅದರ ಪಕ್ಕದ್ದು ಬಂತು. ಒಂದು ಕಡೆ ದಪ್ಪಗೆ, ಬಿಗಿಯಾಗಿ ಇತ್ತು. ಸಿಟ್ಟಿನ ದಿನ, ಎಂದುಕೊಂಡೆ. ಮುಂದೆ ನುಣ್ಣಗಾಯಿತು. ಯಾಕೆ ಸಮಾಧಾನವಾಯಿತೋ ಎಂದು ಅದರ ಹಿಂದೆಯೇ ಹೋದೆ. ಇನ್ನೊಂದು ಬೆರಳಗಲ... ಇನ್ನೊಂದು...

ಯಾರೋ ಭುಜ ಹಿಡಿದು ಅಲುಗಿಸಿದರು. ಅವ್ವ ನಿಂತಿದ್ದಳು. "ಮೂರು ಸಲ ಕೂಗಿದೆ ಉಣ್ಣಾಕೆ. ಕಿವಿ ಸತ್ತಾವೇನೋ?" ತಲೆ ಎತ್ತಿದೆ. ಬಿಸಿಲು ಜಗಲಿಯನ್ನು ದಾಟಿ ಹೋಗಿತ್ತು. ಅಜ್ಜ ನನ್ನ ಮುಖವನ್ನೇ ನೋಡಿ ನಕ್ಕ. "ನೂಲಿನ ಗುಂಗು ಹೊಕ್ಕಂಡ್ತು ನೋಡವ್ವ ಇವಗೂ," ಎಂದ. ನನ್ನ ಮುಖದಲ್ಲಿ ಅವನು ಏನು ಕಂಡನೆಂದು ನನಗೆ ಗೊತ್ತು. ಜೇಬಿಗೆ ಆ ಕಾಗದ ಬಂದ ದಿನದಿಂದ ಅಷ್ಟು ಹೊತ್ತು ನಾನು ನನ್ನಿಂದ ದೂರವಿದ್ದದ್ದು ಅದೊಂದೇ ದಿನ. ಅದನ್ನು ಸುಖವೆನ್ನದೆ ಬೇರೆ ಏನೆನ್ನಲಿ.

ಮರುದಿನ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಅಂಥ ಸುಖಕ್ಕೆ ನಾನು ತಕ್ಕವನಲ್ಲ ಎನ್ನಿಸಿತು ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ನಿಜ ಅದಲ್ಲ. ಕೈ ಅಷ್ಟು ಶಾಂತವಾಗಿ ಕೆಲಸದಲ್ಲಿದ್ದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಆ ಮಧ್ಯಾಹ್ನ ಎರಡು ಸಲ ನಾನು 'ಅಜ್ಜ, ನನಗೆ ಗೊತ್ತಿತ್ತು' ಎನ್ನುವಷ್ಟು ಸಮೀಪಕ್ಕೆ ಬಂದಿದ್ದೆ. ಆ ಮಾತು ಹೊರಟರೆ ಅದರ ಹಿಂದೆ ಹಿರೇಗುಂಟನೂರಿನ ಮಾತೂ ಹೊರಡುತ್ತಿತ್ತು. ಇನ್ನೊಂದು ದಿನ ಕೂತಿದ್ದರೆ ಹೇಳಿಯೇ ಬಿಡುತ್ತಿದ್ದೆ. ಅದಕ್ಕೇ ಕೂರಲಿಲ್ಲ. ಕಚೇರಿಗೆ ನಸುಕಿನಲ್ಲೇ ಹೊರಟುಬಿಡುತ್ತಿದ್ದೆ, ಹಿತ್ತಲ ಬಾಗಿಲಿನಿಂದ ಮನೆ ಸೇರುತ್ತಿದ್ದೆ. ಎದುರು ಜಗಲಿಯಲ್ಲಿ ಅಜ್ಜ ಒಬ್ಬನೇ ಬಗ್ಗಿ ಕೂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ಎರಡು ಕುಡಿಕೆಗಳನ್ನೂ ಇಟ್ಟುಕೊಂಡಿರುತ್ತಿದ್ದ.

ತಿಂಗಳೊಳಗೆ ಅರ್ಜಿ ಹಾಕಿ ಹೊಳಲ್ಕೆರೆಗೆ ವರ್ಗ ಮಾಡಿಸಿಕೊಂಡೆ. ಅವ್ವನ ಬಲವಂತಕ್ಕೆ ಮತ್ತೆ ಮದುವೆಯೂ ಆಯಿತು. ಒಂದೂವರೆ ವರ್ಷ ಊರ ಕಡೆ ತಲೆ ಹಾಕಲಿಲ್ಲ. ಕಡೆಗೆ ಅವ್ವನನ್ನು ಕರೆತರಲು ಹೋದಾಗ ಎದುರು ಮನೆಯಲ್ಲಿ ಅಜ್ಜನ ಮಗಳಿದ್ದಳು, ಹಿರಿಯೂರಿನಿಂದ ಬಂದು ಮನೆಯ ಸಾಮಾನು ತೆಗೆಯುತ್ತಿದ್ದಳು. ಅಜ್ಜ ತೀರಿಹೋಗಿ ಒಂದು ತಿಂಗಳಾಗಿತ್ತು. ಮಗ್ಗದ ಕುಣಿಗೆ ಆಗಲೇ ಮಣ್ಣು ಮುಚ್ಚಿದ್ದರು.

ಅವಳು ಒಳಗಿನಿಂದ ಒಂದು ಗಂಟು ತಂದು ನನ್ನ ಮುಂದಿಟ್ಟು ಬಿಚ್ಚಿದಳು. ಅದೇ ಹಾಸು. ಅರ್ಧದಷ್ಟು ಎಳೆ ಎಳೆಯಾಗಿ ಬಿಡಿಸಿ, ಬಾಚಿದ ಕೂದಲಿನಂತೆ ಒಪ್ಪವಾಗಿತ್ತು. ಉಳಿದರ್ಧ ಹಲಗೆ. ಅದರ ತುದಿಯಲ್ಲಿ ಮಾತ್ರ ಒಂದು ಗೇಣಿನಷ್ಟು ಎಳೆಗಳು ಬಿಚ್ಚಿಕೊಂಡಿದ್ದವು, ಅಲ್ಲಲ್ಲಿ ಹೊಸೆದು ಕೂಡಿಸಿದ ಗುರುತುಗಳೊಂದಿಗೆ.

"ನಾನು ಬಿಡಿಸ್ತೀನಿ ಕೊಡಪ್ಪ ಅಂದೆ. ಮುಟ್ಟಬ್ಯಾಡ, ಆ ಕಡೇದು ಗುಮಾಸ್ತಪ್ಪಂದು, ಬಂದು ಮಾಡ್ತಾನೆ ಅಂದ," ಎಂದಳು.

ನನ್ನ ಬಾಯಿಗೆ ಆ ಹಳೆಯ ಮಾತೇ ಬಂತು. ಅದು ಯಾರ ನೂಲೆಂದು ನನಗೆ ಅವತ್ತು ಗೊತ್ತಿರಲಿಲ್ಲ ತಾಯಿ, ಎಂದೆ.

ಆಕೆ ಗಂಟು ಕಟ್ಟುತ್ತಿದ್ದವಳು ತಲೆ ಎತ್ತದೆ ಹೇಳಿದಳು. "ಬೀದಿಯವ್ರೂ ಹಂಗೇ ಅಂದ್ರು ಅಣ್ಣ. ಅಪ್ಪಗೆ ಹೇಳಿದೆ. ಅವನಿಗೆ ಗೊತ್ತಿತ್ತು ಬಿಡವ್ವ, ನಾನೇ ತೋರಿಸಿದ್ನಲ್ಲ ಅಂದ. ಗೊತ್ತಿದ್ದು ಮಾಡಿದ ಅಂತಲೇ ಪಕ್ಕದಾಗೆ ಕುಂಡ್ರಿಸ್ಕಂಡೆ ಅಂದ."

ಆಕೆ ಕಟ್ಟಿಕೊಟ್ಟ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಂದೆ.

ಆ ಗಂಟು ನನ್ನ ಪೆಟ್ಟಿಗೆಯ ತಳದಲ್ಲಿದೆ. ಪ್ರತಿ ವರ್ಷ ಬೇವಿನೆಲೆ ಬದಲಿಸುತ್ತಿದ್ದೆ, ಬಿಚ್ಚುತ್ತಿರಲಿಲ್ಲ. ನಾಳೆ ಕೂತರಾಯಿತು, ನೌಕರಿ ಮುಗಿಯಲಿ, ಮಗನ ಮದುವೆಯಾಗಲಿ ಎಂದುಕೊಂಡೆ. ಎಷ್ಟೋ ಕೆಲಸ ಮಾಡಿದೆ, ಯಾವುದರಲ್ಲೂ ಮುಳುಗಲಿಲ್ಲ. ದಡದಲ್ಲಿ ನಿಂತು ಕಾಲು ತೋಯಿಸಿಕೊಂಡು ಬಂದೆ.

ಮೊನ್ನೆ ಆ ವಾಸನೆ ಬಂದ ಮೇಲೆ ಗಂಟನ್ನು ತರಿಸಿ ಬಿಚ್ಚಿದೆ. ಬೇವಿನೆಲೆ ಹಾಕಿದ್ದರೂ ಹುಳು ಬಿಟ್ಟಿರಲಿಲ್ಲ. ಸೊಸೆಯಿಂದ ಒಂದು ಬಟ್ಟಲು ಬೆಚ್ಚಗಿನ ನೀರು ಕೇಳಿ ಪಡೆದು, ಮೊಣಕಾಲ ಮೇಲೆ ಹಾಸಿನ ತುದಿ ಇಟ್ಟುಕೊಂಡು, ಬೆರಳು ಅದ್ದಿ ಮುಟ್ಟಿಸಿದೆ. ಗಂಜಿ ಮೆತ್ತಗಾಯಿತು. ವಾಸನೆ ಎದ್ದಿತು, ಈ ಸಲ ಉಣ್ಣೆಯದೂ ನಿಜವಾಗಿಯೇ ಇತ್ತು. ಉಗುರಿನಿಂದ ದಾರಿ ಮಾಡಿದೆ. ಎಳೆ ಬರಲಿಲ್ಲ. ಬೆರಳ ನಡುವೆ ಕಪ್ಪು ಹುಡಿಯಾಯಿತು. ಪಕ್ಕದ್ದನ್ನು ಮುಟ್ಟಿದೆ. ಅದೂ ಹುಡಿಯಾಯಿತು. ಅದು ಸಿಟ್ಟಿನ ದಿನದ್ದೋ, ಮಗಳು ಬಂದ ದಿನದ್ದೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ಆದರೂ ಬಿಡದೆ ಕಣ್ಣನ್ನು ಹತ್ತಿರ ತಂದು, ಉಸಿರು ಬಿಗಿಹಿಡಿದು, ಮುಂದಿನ ಎಳೆಯನ್ನು ಹುಡುಕುತ್ತ ಕೂತೆ. ಅಂದಿನಂತೆ ಆದೀತೇನೋ ಎಂಬ ಆಸೆ.

ಒಳಗಿನಿಂದ ಸೊಸೆ ಊಟಕ್ಕೆ ಕರೆದಳು. ಮೊದಲನೆಯ ಕೂಗಿಗೇ ಕೇಳಿಸಿತು.